11 ಮೊದಲೋ, 1-1 ಮೊದಲೋ?

ಗೋರೆಗಾಂವ್ ಸ್ಟೇಷನ್ನಿನ ಆಚೀಚೆ ಯಾವ ಉಡುಪಿ ಹೋಟೆಲಿಗೆ ಹೋಗಿ "ಒಂದು ಚಹಾ" ಅಂದರೂ ಹಾಲು, ಸಕ್ಕರೆ ಹಾಕಿದ್ದೇ ಬರುತ್ತದೆ. ಹಾಲು ಹಾಕಿ, ಸಕ್ಕರೆ ಹಾಕಿ ಎಂದು ಯಾರೂ ಹೇಳುವುದಿಲ್ಲ. ಬೇಡದವರು ಮಾತ್ರ ಬಾಯಿ ಬಿಡಬೇಕು. ಕಾಫಿಗೂ ಅದೇ ಕ್ರಮ. ಒಂದು ವೇಳೆ ಚಹಾಕ್ಕೆ ಸಕ್ಕರೆ ಹಾಕಿ ಕಾಫಿಗೆ ಹಾಕದೆ ತಂದಿಟ್ಟರೆ ಗಿರಾಕಿ ಮಾಣಿಯನ್ನು ಕರೆದು ಕೇಳಿಯೇ ಕೇಳುತ್ತಾನೆ. ಎರಡೂ ಒಂದೇ ಅಡುಗೆಮನೆಯಿಂದ ಬಂದವು. ನಾನು ಸುಮ್ಮನಿದ್ದುದಕ್ಕೆ ಅಲ್ಲೊಂದು ಅರ್ಥ, ಇಲ್ಲೊಂದು ಅರ್ಥ ಯಾಕೆ?

ಕಂಪ್ಯೂಟರಿನವರು ಇದನ್ನು ಡೀಫಾಲ್ಟ್ ಅನ್ನುತ್ತಾರೆ. ಕನ್ನಡಕ್ಕೆ ಅನುವಾದವಾದ ತಂತ್ರಾಂಶಗಳಲ್ಲಿ 'ಪೂರ್ವನಿಯೋಜಿತ' ಎಂಬ ಪದ ಕಾಣುತ್ತದೆ. ಅರ್ಥ ಸರಿಯೇ. ಆದರೆ ನನ್ನ ಕೆಲಸಕ್ಕೆ ನಾನು ಇಟ್ಟುಕೊಂಡ ವಿವರಣೆ ಬೇರೆ: ನಾವು ಏನೂ ಹೇಳದೆ ಬಿಟ್ಟಾಗ ನಮ್ಮ ಪರವಾಗಿ ಇನ್ನೊಬ್ಬರು ಮಾಡಿಟ್ಟ ತೀರ್ಮಾನವೇ ಡೀಫಾಲ್ಟ್. ಆ ಇನ್ನೊಬ್ಬರು ಒಬ್ಬರೇ ಆಗಿದ್ದರೆ ತೊಂದರೆ ಕಡಿಮೆ. ಹತ್ತು ಜನ ಹತ್ತು ಕಾಲದಲ್ಲಿ ಹತ್ತು ತೀರ್ಮಾನ ಮಾಡಿಟ್ಟಿದ್ದರೆ, ಒಂದು ಹೆಸರು ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಗಬಹುದು. ಹಾಗೆ ಬಿದ್ದುಹೋದ ಏಳು ಹೆಸರುಗಳ ವಿಷಯ ಇಲ್ಲಿದೆ.

ನನ್ನ ಮನೆ ಗೋರೆಗಾಂವ್ ಪಶ್ಚಿಮದಲ್ಲಿ, ಕಚೇರಿ ಪೂರ್ವದಲ್ಲಿ. ಬೆಳಿಗ್ಗೆ ಹಳಿ ದಾಟುವ ಸೇತುವೆ ಹತ್ತಿ ಇಳಿದರೆ ಅರ್ಧ ಪ್ರಯಾಣ ಮುಗಿದ ಹಾಗೆ. ಕೆಲಸ ಸರ್ವರುಗಳನ್ನು ನೋಡಿಕೊಳ್ಳುವುದು. ಅಂದರೆ ದಿನದ ಬಹುಪಾಲು ಕಪ್ಪು ಪರದೆಯ ಮುಂದೆ, ಮೌಸ್ ಮುಟ್ಟದೆ, ಒಂದೊಂದು ಸಾಲಿನ ಆಜ್ಞೆ ಟೈಪ್ ಮಾಡುತ್ತ ಕೂರುವುದು. ಈ ಆಜ್ಞೆಗಳ ಹಿಂದೆ ಇರುವುದು ಸಣ್ಣ ಸಣ್ಣ ಉಪಕರಣಗಳು. 'ಸಾರ್ಟ್' ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ. 'ಗ್ರೆಪ್' ಹುಡುಕುತ್ತದೆ. 'ಕಟ್' ಒಂದು ಕಾಲಮ್ಮನ್ನು ಕತ್ತರಿಸಿ ಕೊಡುತ್ತದೆ. 'ಜಾಯಿನ್' ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಸಾಲುಗಳನ್ನು ಸೇರಿಸುತ್ತದೆ. ಒಂದರ ಬಾಯಿಂದ ಬಂದದ್ದನ್ನು ಇನ್ನೊಂದರ ಬಾಯಿಗೆ ಕೊಡುತ್ತ ಹೋದರೆ ದೊಡ್ಡ ಕೆಲಸ ಆಗುತ್ತದೆ. ಐವತ್ತು ವರ್ಷಗಳಿಂದ ಯೂನಿಕ್ಸ್ ಜಗತ್ತು ನಡೆದದ್ದು ಹೀಗೆ.

ಇವೆಲ್ಲ ಒಂದೇ ಮನೆತನದವು, ಆದರೆ ಒಂದೇ ದಿನ ಹುಟ್ಟಿದವಲ್ಲ. ಗ್ರೆಪ್ ಎಪ್ಪತ್ತರ ದಶಕದ ಮೊದಲರ್ಧದ್ದು, 'ಆಕ್' 1977ರದ್ದು. ಬರೆದವರೂ ಬೇರೆ ಬೇರೆ. ಅದರ ಗುರುತು ಈಗಲೂ ಇದೆ. ಒಂದು ಸಾಲಿನಲ್ಲಿ ಕಾಲಮ್ಮುಗಳನ್ನು ಬೇರ್ಪಡಿಸುವ ಚಿಹ್ನೆ ಯಾವುದು ಎಂದು ತಿಳಿಸಬೇಕಾದರೆ ಸಾರ್ಟ್‌ಗೆ ಮತ್ತು ಜಾಯಿನ್‌ಗೆ ಟಿ ಅಕ್ಷರ ಬಳಸಬೇಕು, ಕಟ್‌ಗೆ ಡಿ, ಆಕ್‌ಗೆ ದೊಡ್ಡ ಎಫ್. ಏನೂ ಹೇಳದಿದ್ದರೆ ಕಟ್ ಟ್ಯಾಬನ್ನು ಮಾತ್ರ ಗಡಿ ಎಂದುಕೊಳ್ಳುತ್ತದೆ. ಆಕ್ ಮತ್ತು ಜಾಯಿನ್ ಖಾಲಿ ಜಾಗವನ್ನೂ ಗಡಿ ಎನ್ನುತ್ತವೆ. ಹಾಗಾಗಿ ಹೆಸರು, ಅಡ್ಡಹೆಸರು ಎರಡೂ ಇರುವ ಒಂದು ಸಾಲು ಒಂದು ಉಪಕರಣಕ್ಕೆ ಒಂದೇ ತುಂಡು, ಇನ್ನೊಂದಕ್ಕೆ ಎರಡು ತುಂಡು. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಪೋರ್ಟ್ ಸಂಖ್ಯೆ ಕೊಡಲು ಸಣ್ಣ ಪಿ. ಅದೇ ದಾರಿಯಲ್ಲಿ ಫೈಲ್ ಸಾಗಿಸುವ ಎಸ್‌ಸಿಪಿಗೆ ದೊಡ್ಡ ಪಿ. ಯಾಕೆಂದರೆ ಎಸ್‌ಸಿಪಿಯ ಹಿಂದಿನ ತಲೆಮಾರಿನ ಉಪಕರಣದಲ್ಲಿ ಸಣ್ಣ ಪಿ ಬೇರೆ ಕೆಲಸಕ್ಕೆ ಆಗಲೇ ಬಳಕೆಯಾಗಿತ್ತು: ಫೈಲಿನ ಹಳೆಯ ತಾರೀಖನ್ನು ಹಾಗೇ ಉಳಿಸು ಎನ್ನುವುದಕ್ಕೆ. ಹಿರಿಯರ ಹೆಸರನ್ನು ಇಟ್ಟುಕೊಂಡ ಮನೆಯಲ್ಲಿ ಆಗುವ ಗೊಂದಲದ ಹಾಗೆ ಇದು.

ಇಂಥ ಗೊಂದಲ ಕಣ್ಣಿಗೆ ಬೀಳುತ್ತದೆ. ಬೇರೆ ಅಕ್ಷರ ಕೊಟ್ಟರೆ ಉಪಕರಣ ತಕ್ಷಣ ಗದರುತ್ತದೆ, ನಾವು ತಿದ್ದಿಕೊಳ್ಳುತ್ತೇವೆ. ಕೆಟ್ಟದ್ದು ಗದರದೇ ಇರುವ ಜಾತಿಯದು. ಅದನ್ನು ಹೇಳುವ ಮೊದಲು ನಮ್ಮ ಲಿಪಿಯ ಒಂದು ಡೀಫಾಲ್ಟ್ ನೋಡೋಣ, ಮುಂದಿನ ಕಥೆಗೆ ಅದು ಬೇಕು.

ಕನ್ನಡದಲ್ಲಿ 'ಕ' ಎಂದು ಬರೆದರೆ ಅದರೊಳಗೆ ಒಂದು 'ಅ' ಇದೆ. ಬರೆದವರು ಅದನ್ನು ಹೇಳಿಲ್ಲ, ಲಿಪಿಯೇ ಸೇರಿಸಿಕೊಂಡಿದೆ. ಅದು ಬೇಡ ಎಂದಾದರೆ 'ಕ್' ಎಂದು ಬರೆದು ತೆಗೆಯಬೇಕು. ಸಕ್ಕರೆ ಬೇಡ ಎಂದು ಹೇಳಿದ ಹಾಗೆ. ದೇವನಾಗರಿಯೂ ಇದೇ ಕುಟುಂಬದ ಲಿಪಿ, ಮೂಲದಲ್ಲಿ ಅದರ ನಿಯಮವೂ ಇದೇ. ಆದರೆ ಮರಾಠಿ ಓದುವವರು ಪದದ ಕೊನೆಯ 'ಅ'ವನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ನಮ್ಮ ಊರಿನ ಹೆಸರನ್ನು ಮರಾಠಿಯಲ್ಲಿ ಬರೆದಾಗ ಕೊನೆಯ ಅಕ್ಷರದ ಕೆಳಗೆ ಯಾವ ಗೆರೆಯೂ ಇರುವುದಿಲ್ಲ. ಅದನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ಇಳಿಸಿದರೆ 'ಗೋರೆಗಾವ' ಆಗುತ್ತದೆ, ಹಾಗೆ ಯಾರೂ ಕರೆಯುವುದಿಲ್ಲ. ನಾವು 'ವ್' ಎಂದು ಬಿಡಿಸಿ ಬರೆಯಬೇಕು. ಒಂದೇ ಕುಟುಂಬದ ಎರಡು ಉಪಕರಣ, ಬೇರೆ ಬೇರೆ ಡೀಫಾಲ್ಟ್.

ಮುಂಬಯಿಯ ಕನ್ನಡ ಮನೆಗಳಲ್ಲಿ ಇದು ಬರೀ ವ್ಯಾಕರಣದ ಮಾತಲ್ಲ. ಊರಿನ ಅಜ್ಜಿಗೆ ಮೊಮ್ಮಗ 'ಅಶೋಕ', ಇಲ್ಲಿನ ಶಾಲೆಯ ದಾಖಲೆಯಲ್ಲಿ 'ಅಶೋಕ್'. ಒಂದು ಪಟ್ಟಿಯಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಮನುಷ್ಯರಿಗೆ ಇಬ್ಬರೂ ಒಬ್ಬನೇ ಎಂದು ಗೊತ್ತು. ಯಂತ್ರಕ್ಕೆ ಅವರು ಇಬ್ಬರು ಹುಡುಗರು.

ನಮ್ಮ ಕಡೆಯ ಕೆಲವರು ಸೇರಿ ನಡೆಸುವ ಒಂದು ಸಣ್ಣ ಬಳಗ ಪ್ರತಿ ವರ್ಷ ಮಕ್ಕಳಿಗೆ ಶಾಲೆಯ ಫೀಸು, ಪುಸ್ತಕಕ್ಕೆ ನೆರವು ಕೊಡುತ್ತದೆ. ಹೆಸರು ನಂಬಿದರೆ ಕೆಡುತ್ತದೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಹಾಗಾಗಿ ಯಾರೋ ಜಾಣರು ಮನೆ ನಂಬರನ್ನೇ ಗುರುತಾಗಿ ಇಟ್ಟುಕೊಂಡಿದ್ದರು. ಒಂದು ಮನೆಗೆ ಒಂದು ಅರ್ಜಿ. ಚಾಳಿನ ನಂಬರ್, ಅಡ್ಡಗೆರೆ, ಖೋಲಿಯ ನಂಬರ್: ಒಂದನೇ ಚಾಳಿನ ಒಂದನೇ ಖೋಲಿ 1-1. ಒಂದೇ ಒಂದು ಚಾಳಿರುವ ಕಡೆ ಬರೀ ಖೋಲಿಯ ನಂಬರ್: 11. ಹೋದ ವರ್ಷದ ಪಟ್ಟಿಯಲ್ಲೂ ಈ ವರ್ಷದ ಅರ್ಜಿಗಳಲ್ಲೂ ಇರುವ ಮನೆಗಳಿಗೆ ನೆರವು ನೇರವಾಗಿ ಮುಂದುವರಿಯುತ್ತದೆ. ಹೊಸಬರನ್ನು ಮಾತ್ರ ಕರೆದು ಮಾತಾಡಿಸುತ್ತಾರೆ. ಈ ಹೊಂದಾಣಿಕೆ ಮಾಡಲು, ಬಳಗದಲ್ಲಿದ್ದ ಒಬ್ಬ ಹುಡುಗ ಹಿಂದೆ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಅವನೀಗ ಕೆಲಸಕ್ಕೆಂದು ಪರದೇಶದಲ್ಲಿದ್ದಾನೆ. ಸ್ಕ್ರಿಪ್ಟ್ ಮಾತ್ರ ಇಲ್ಲೇ ದುಡಿಯುತ್ತಿತ್ತು.

ಕೆಲವು ವರ್ಷಗಳ ಹಿಂದೆ ಜೂನ್‌ನಲ್ಲಿ, ಶಾಲೆ ಶುರುವಾಗುವ ವಾರ, ಲೆಕ್ಕ ನೋಡಿಕೊಳ್ಳುವ ಹಿರಿಯರು ಫೋನ್ ಮಾಡಿದರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆದರೆ ನಿದ್ದೆ ಮಾಡದವರು.

"ಎಂಥ ಮಾರಾಯ, ಏಳು ಮನೆ ಪಟ್ಟಿಯಲ್ಲೇ ಇಲ್ಲ. ಹೋದ ವರ್ಷ ಇದ್ದವರು. ಅರ್ಜಿ ಕೊಟ್ಟಿದ್ದೇವೆ ಅಂತಾರೆ. ಒಬ್ಬರು ತಾಯಿ ಚೀಟಿ ತಂದು ತೋರಿಸಿದರು."

"ಅವರಿಗೆ ಏನು ಹೇಳಿದಿರಿ?"

"ನಮ್ಮ ಹುಡುಗರು ಹೇಳಿಬಿಟ್ಟಿದ್ದಾರೆ, ಕಂಪ್ಯೂಟರಿನಲ್ಲಿ ಇಲ್ಲ, ನೀವು ಕೊಟ್ಟಿರಲಿಕ್ಕಿಲ್ಲ ಅಂತ. ಆ ಹೆಂಗಸು ಮಾತಾಡದೆ ಹೋದರಂತೆ."

ಫೀಸಿನ ಮೊತ್ತಕ್ಕಿಂತ ನನಗೆ ಚುಚ್ಚಿದ್ದು ಆ ಕೊನೆಯ ಮಾತು. ಯಂತ್ರ ಬಾಯಿ ಬಿಡದಿದ್ದಾಗ ತಪ್ಪು ತಾನಾಗಿ ಎದುರಿಗಿದ್ದ ಮನುಷ್ಯರ ಮೇಲೆ ಹೋಗಿ ಕೂರುತ್ತದೆ. ಆ ತಾಯಿಯ ಕೈಯಲ್ಲಿ ಚೀಟಿ ಇತ್ತು. ಉಳಿದ ಆರು ಮಂದಿಯ ಹತ್ತಿರ ಅದೂ ಇದ್ದಿರಲಾರದು.

ಅದೇ ಸಂಜೆ ಕೂತು ನೋಡಿದೆ. ಏಳೂ ಮನೆಗಳು ಎರಡೂ ಪಟ್ಟಿಗಳಲ್ಲಿ ಇದ್ದವು. ಬಿದ್ದುಹೋದದ್ದು ಹೊಂದಿಸುವ ಹೊತ್ತಿನಲ್ಲಿ. ಏಳರಲ್ಲೂ ಅಡ್ಡಗೆರೆ ಇತ್ತು.

ಜಾಯಿನ್ ಕೆಲಸ ಮಾಡುವ ರೀತಿ ಹೀಗೆ: ಎರಡೂ ಪಟ್ಟಿಗಳು ಒಂದೇ ಕ್ರಮದಲ್ಲಿವೆ ಎಂದು ನಂಬುತ್ತದೆ. ಎರಡರ ಮೇಲೂ ಒಂದೊಂದು ಬೆರಳಿಟ್ಟು, ಯಾವುದು ಹಿಂದೆ ಇದೆಯೋ ಆ ಬೆರಳನ್ನು ಮುಂದೆ ಸರಿಸುತ್ತದೆ. ಒಮ್ಮೆ ದಾಟಿದ ಸಾಲಿಗೆ ಮತ್ತೆ ಬರುವುದಿಲ್ಲ. ಹೋದ ವರ್ಷದ ಪಟ್ಟಿ ಬಳಗದ ಹಳೆಯ ಡೆಸ್ಕ್‌ಟಾಪಿನಲ್ಲಿ ಸಾರ್ಟ್ ಆದದ್ದು. ಅದರಲ್ಲಿ 11 ಮೊದಲು, 1-1 ಆಮೇಲೆ. ಈ ವರ್ಷದ ಅರ್ಜಿಗಳು ಹೊಸ ಲ್ಯಾಪ್‌ಟಾಪಿನಲ್ಲಿ ಸಾರ್ಟ್ ಆದವು. ಅಲ್ಲಿ 1-1 ಮೊದಲು, 11 ಆಮೇಲೆ. ಜಾಯಿನ್ ಒಂದು ಕಡೆ 11 ನೋಡಿತು, ಇನ್ನೊಂದು ಕಡೆ 1-1. ಹೊಸ ಯಂತ್ರದ ಲೆಕ್ಕದಲ್ಲಿ 1-1 ಹಿಂದಿನದು. "ಹಳೆಯ ಪಟ್ಟಿಯಲ್ಲಿ 1-1 ದಾಟಿಹೋಗಿದೆ, ಅಂದರೆ ಅದು ಅಲ್ಲಿ ಇಲ್ಲ" ಎಂದು ತೀರ್ಮಾನಿಸಿ ಬೆರಳು ಸರಿಸಿತು. 11 ಹೊಂದಿತು. ಆಮೇಲೆ ಹಳೆಯ ಪಟ್ಟಿಯಲ್ಲಿ 1-1 ಬಂದಾಗ ಹೊಸ ಪಟ್ಟಿಯ ಬೆರಳು ಮುಂದೆ ಹೋಗಿಯಾಗಿತ್ತು.

ಎರಡೂ ಯಂತ್ರದಲ್ಲಿ ಆಜ್ಞೆ ಅದೇ ಸಾರ್ಟ್. ಕ್ರಮ ಯಾವುದು ಎಂದು ಯಾರೂ ಹೇಳಿರಲಿಲ್ಲ. ಆಗ ಸಾರ್ಟ್ ತಾನು ನಿರ್ಧರಿಸುವುದಿಲ್ಲ. ಯಂತ್ರದ 'ಲೊಕೇಲ್' ಅನ್ನು ಕೇಳುತ್ತದೆ, ಅಂದರೆ ಯಾವ ಭಾಷೆ, ಯಾವ ದೇಶ, ಅಕ್ಷರಗಳ ಅನುಕ್ರಮ ಯಾವುದು ಎಂಬ ಮಾಹಿತಿಯನ್ನು. ಲಿನಕ್ಸ್‌ನಲ್ಲಿ ಆ ಅನುಕ್ರಮ ಇರುವುದು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯಲ್ಲಿ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28 ಆವೃತ್ತಿಯಲ್ಲಿ ಈ ಅನುಕ್ರಮದ ಪಟ್ಟಿಯನ್ನು ಹೊಸ ಅಂತರರಾಷ್ಟ್ರೀಯ ಮಾನದಂಡಕ್ಕೆ ತಕ್ಕಂತೆ ಪೂರ್ತಿ ಬದಲಿಸಿದರು. ಅದಕ್ಕೂ ಮೊದಲು ಇಂಗ್ಲಿಷ್ ಲೊಕೇಲ್‌ನಲ್ಲಿ ಅಡ್ಡಗೆರೆಯಂಥ ಚಿಹ್ನೆಗಳನ್ನು ಮೊದಲ ಸುತ್ತಿನ ಹೋಲಿಕೆಯಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ತೆಗೆದುಕೊಂಡರು. ಹಳೆಯದು ತಪ್ಪಲ್ಲ, ಹೊಸದೂ ತಪ್ಪಲ್ಲ. ನಡುವೆ ನಿಂತ ಏಳು ಮನೆಗಳು ಕಾಣೆ.

ಜಾಯಿನ್ ಪೂರ್ತಿ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಹೊಂದದ ಸಾಲು ಸಿಕ್ಕಿದಾಗ ಅದು ಕ್ರಮವನ್ನು ಪರೀಕ್ಷಿಸಿ, ಈ ಫೈಲು ಸಾರ್ಟ್ ಆಗಿಲ್ಲ ಎಂದು ಒಂದು ಸಾಲು ಎಚ್ಚರಿಕೆ ಬರೆಯುತ್ತದೆ. ಆದರೆ ಪರದೆಯ ಮೇಲೆ ಬೇಡದ ಸದ್ದು ಬೇಡವೆಂದು, ಎಚ್ಚರಿಕೆಗಳನ್ನೆಲ್ಲ ಎಸೆಯುವಂತೆ ಸ್ಕ್ರಿಪ್ಟ್‌ನಲ್ಲಿ ಬರೆದಿತ್ತು.

ನಮ್ಮ ಬಳಗದ್ದು ಹತ್ತಿಪ್ಪತ್ತು ಪುಟದ ಪಟ್ಟಿ. ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ಜಗತ್ತಿನಾದ್ಯಂತ ನಡೆಯಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪದಗಳ ಸೂಚಿಯನ್ನು ಈ ಜಿಲಿಬ್‌ಸಿಯ ಅನುಕ್ರಮವನ್ನೇ ನಂಬಿ ಕಟ್ಟುತ್ತಿತ್ತು. 2019ರಲ್ಲಿ ಡೆಬಿಯನ್ 10, ರೆಡ್ ಹ್ಯಾಟ್ 8 ಬಂದವು, ಎರಡರಲ್ಲೂ ಹೊಸ ಜಿಲಿಬ್‌ಸಿ. ಹಳೆಯ ಸೂಚಿಯನ್ನು ಹಾಗೇ ಇಟ್ಟುಕೊಂಡು ಯಂತ್ರವನ್ನು ಮೇಲ್ದರ್ಜೆಗೆ ಏರಿಸಿದವರಿಗೆ, ಇರುವ ದಾಖಲೆಯನ್ನೇ ಹುಡುಕಿದರೂ 'ಇಲ್ಲ' ಎಂಬ ಉತ್ತರ ಬರುವ ಸ್ಥಿತಿ. ಎರಡನೇ ಸಲ ಸೇರಿಸಬಾರದ ದಾಖಲೆ ಎರಡನೇ ಸಲ ಸೇರಿಬಿಡುವ ಅಪಾಯ ಬೇರೆ. ಪರಿಹಾರ ಒಂದೇ: ಸೂಚಿಯನ್ನು ಮತ್ತೆ ಕಟ್ಟುವುದು. ನಿಮ್ಮ ಯಂತ್ರ ಯಾವ ಕಡೆಯದು ಎಂದು ತಿಳಿಯಲು ಆ ಬಳಗದವರು ಸೂಚಿಸಿದ ಪರೀಕ್ಷೆಯೂ ಇದೇ ಎರಡು ಸಾಲು: 1-1 ಮತ್ತು 11 ಕೊಟ್ಟು ಸಾರ್ಟ್ ಮಾಡಿ, ಯಾವುದು ಮೊದಲು ಬರುತ್ತದೆ ನೋಡಿ. 2024ರ ಪೋಸ್ಟ್‌ಗ್ರೆಸ್ 17ರಲ್ಲಿ, ಯಂತ್ರದ ಲೈಬ್ರರಿಯನ್ನು ಕೇಳದೆ ತನ್ನೊಳಗೇ ಇಟ್ಟುಕೊಂಡ ಅನುಕ್ರಮವೂ ಒಂದು ಆಯ್ಕೆಯಾಗಿ ಬಂತು.

ಹಾಗಾದರೆ ಎಲ್ಲ ಉಪಕರಣಗಳಿಗೂ ಒಂದೇ ಡೀಫಾಲ್ಟ್ ಇಟ್ಟುಬಿಡಬಾರದೇ? ಈ ಊರಿಗೆ ಆ ಪ್ರಶ್ನೆಯ ಕಷ್ಟ ಗೊತ್ತಿದೆ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಕಾಲಮಾನ ಎಂದು ಆದಾಗ ಬೊಂಬಾಯಿ ಒಪ್ಪಲಿಲ್ಲ. ನಗರಸಭೆ ತನ್ನ 'ಬಾಂಬೆ ಟೈಮ್' ಅನ್ನು 1955ರವರೆಗೆ ಬಿಟ್ಟುಕೊಡಲಿಲ್ಲ. ಎರಡರ ನಡುವೆ 39 ನಿಮಿಷದ ವ್ಯತ್ಯಾಸ. ರೈಲು ಸ್ಟ್ಯಾಂಡರ್ಡ್ ಟೈಮಿನಲ್ಲಿ ಓಡುತ್ತಿತ್ತು. ಸುಮಾರು ಐವತ್ತು ವರ್ಷ ಈ ಊರಿನಲ್ಲಿ "ಹತ್ತು ಗಂಟೆಗೆ ಬನ್ನಿ" ಅನ್ನುವುದು ಪೂರ್ತಿ ಮಾತಾಗಿರಲಿಲ್ಲ, ಯಾವ ಹತ್ತು ಗಂಟೆ ಎಂದೂ ಹೇಳಬೇಕಿತ್ತು. ಬೊಂಬಾಯಿಯವರದ್ದು ಬರೀ ಹಟವಲ್ಲ. ಅವರ ಗಡಿಯಾರ ಅವರ ಸೂರ್ಯನಿಗೆ ಸರಿಯಾಗಿತ್ತು. ಹಳೆಯ ಡೀಫಾಲ್ಟ್‌ಗೆ ಯಾವಾಗಲೂ ಒಂದು ಕಾರಣ ಇರುತ್ತದೆ, ಅದನ್ನು ನಂಬಿ ಬದುಕು ಕಟ್ಟಿಕೊಂಡವರೂ ಇರುತ್ತಾರೆ. ಎಸ್‌ಸಿಪಿಯ ಪಿ ಅಕ್ಷರವನ್ನು ಇವತ್ತು ಸರಿಪಡಿಸಿದರೆ ನಾಳೆ ಬೆಳಿಗ್ಗೆ ಲೆಕ್ಕವಿಲ್ಲದಷ್ಟು ಹಳೆಯ ಸ್ಕ್ರಿಪ್ಟುಗಳು ಮುರಿಯುತ್ತವೆ.

ಬದಲಿಸಲೇಬೇಕಾದರೆ ಒಂದು ಮರ್ಯಾದೆಯ ದಾರಿ ಇದೆ. ಗಿಟ್ ಎಂಬ ಉಪಕರಣದಲ್ಲಿ 'ಪುಶ್' ಎಂದಷ್ಟೇ ಹೇಳಿದರೆ, ಎರಡೂ ಕಡೆ ಒಂದೇ ಹೆಸರಿರುವ ಎಲ್ಲ ಶಾಖೆಗಳೂ ಒಟ್ಟಿಗೆ ಹೋಗುತ್ತಿದ್ದವು. ಅದು ಅಪಾಯ ಎಂದು ಗೊತ್ತಾದ ಮೇಲೆ, ಮೊದಲು ಅದನ್ನು ಬದಲಿಸಿಕೊಳ್ಳುವ ಸೆಟ್ಟಿಂಗ್ ಕೊಟ್ಟರು. ಆಮೇಲೆ, ಏನೂ ಹೇಳದೆ ಪುಶ್ ಮಾಡಿದವರಿಗೆ "ಮುಂದೆ ಇದು ಬದಲಾಗಲಿದೆ, ಈಗಲೇ ಬೇಕಾದ್ದನ್ನು ಬರೆದಿಟ್ಟುಕೊಳ್ಳಿ" ಎಂದು ಎಚ್ಚರಿಸಿದರು. 2014ರ ಗಿಟ್ 2.0ರಲ್ಲಿ ಬದಲಿಸಿದರು. ಬಣ್ಣದ ಅಕ್ಷರಗಳ ವಿಷಯದಲ್ಲಿ ಇನ್ನೊಂದು ದಾರಿ ಹುಡುಕಿದರು. ಪ್ರತಿ ಉಪಕರಣಕ್ಕೂ ಬಣ್ಣ ಬೇಡ ಎನ್ನಲು ಬೇರೆ ಬೇರೆ ಆಯ್ಕೆ ಇತ್ತು. 2017ರಲ್ಲಿ 'ನೋ_ಕಲರ್' ಎಂಬ ಒಪ್ಪಂದ ಬಂತು: ಈ ಒಂದು ಹೆಸರನ್ನು ಪರಿಸರದಲ್ಲಿ ಇಟ್ಟರೆ ಸಾಕು, ಒಪ್ಪಿಕೊಂಡ ಎಲ್ಲ ಉಪಕರಣಗಳೂ ಬಣ್ಣ ಬಿಡುತ್ತವೆ. ಒಂದೇ ಕಡೆ ಹೇಳುವುದು, ಎಲ್ಲರೂ ಅಲ್ಲೇ ಕೇಳುವುದು.

ಬಳಗದ ಸ್ಕ್ರಿಪ್ಟ್‌ಗೆ ನಾನು ಮಾಡಿದ್ದೂ ಅಷ್ಟೇ. ಮೊದಲ ಸಾಲಿನಲ್ಲಿ 'ಎಲ್‌ಸಿ_ಆಲ್' ಎಂಬ ಹೆಸರಿಗೆ 'ಸಿ' ಎಂಬ ಬೆಲೆ ಕೊಟ್ಟು, ಎಕ್ಸ್‌ಪೋರ್ಟ್ ಮಾಡಿದೆ. 'ಸಿ' ಅಂದರೆ ಯಾವ ದೇಶದ್ದೂ ಅಲ್ಲದ ಕ್ರಮ. ಬೈಟುಗಳ ಸಂಖ್ಯೆ ನೋಡಿ ಸಣ್ಣದು ಮೊದಲು, ದೊಡ್ಡದು ಆಮೇಲೆ. ಲೈಬ್ರರಿ ಬದಲಾದರೂ ಅದು ಬದಲಾಗುವುದಿಲ್ಲ. ಎಲ್‌ಸಿ_ಆಲ್ ಬೇರೆಲ್ಲ ಭಾಷಾ ಸೆಟ್ಟಿಂಗುಗಳನ್ನೂ ಮೀರುತ್ತದೆ, ಎಕ್ಸ್‌ಪೋರ್ಟ್ ಮಾಡಿದ್ದರಿಂದ ಕೆಳಗಿನ ಎಲ್ಲ ಉಪಕರಣಗಳಿಗೂ ತಲುಪುತ್ತದೆ. ಹಳೆಯ ಪಟ್ಟಿ ಸಾರ್ಟ್ ಆಗಿದೆ ಎಂದು ನಂಬುವುದನ್ನು ಬಿಟ್ಟು, ಎರಡನ್ನೂ ಪ್ರತಿ ಸಲ ಅಲ್ಲೇ ಹೊಸದಾಗಿ ಸಾರ್ಟ್ ಮಾಡಿಸಿದೆ. ಕಾಲಮ್ಮಿನ ಗಡಿ ಟ್ಯಾಬ್ ಎಂದು ಪ್ರತಿ ಉಪಕರಣಕ್ಕೂ ಅದರದರ ಅಕ್ಷರದಲ್ಲೇ ಹೇಳಿದೆ, ತಾನಾಗಿ ಟ್ಯಾಬ್ ಎಂದುಕೊಳ್ಳುವ ಕಟ್‌ಗೂ ಕೂಡ. ಎಚ್ಚರಿಕೆ ಎಸೆಯುವ ತುಂಡನ್ನು ತೆಗೆದೆ. ಏಳು ಮನೆಗಳು ಬಂದವು. ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ವರ್ಷ ಯಾರಾದರೂ ಹೀಗೆ ಹೋಗಿದ್ದಾರಾ?" ಹಿಂದಿನ ವರ್ಷಗಳ ಫೈಲುಗಳೆಲ್ಲ ಅದೇ ಹಳೆಯ ಯಂತ್ರದ್ದು, ಒಂದೇ ಕ್ರಮದವು. ಯಾರೂ ಹೋಗಿರಲಿಲ್ಲ. ಆ ತಾಯಿಯ ಮನೆಗೆ ಅವರೇ ಹೋಗಿ ಬಂದರು. ಫೋನಿನಲ್ಲಿ ಹೇಳಿದರೆ ಸಾಲದು ಅಂದರು.

ಇಲ್ಲಿಗೆ ಮುಗಿಯುವುದಿಲ್ಲ, ಯಾಕೆಂದರೆ 'ಸಿ' ಯಂತ್ರಕ್ಕೆ ಹಿತ, ಕನ್ನಡಕ್ಕೆ ಅಲ್ಲ. ಗೋರೆಗಾಂವ್ ಎಂಬ ಪದವನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಗೋ, ರೆ, ಗಾಂ, ವ್. ಯೂನಿಕೋಡ್‌ನಲ್ಲಿ ಒಂಬತ್ತು ಸಂಕೇತ. ಯುಟಿಎಫ್-8ರಲ್ಲಿ 27 ಬೈಟು. ಅಕ್ಷರ ಎಣಿಸು ಎಂದು 'ಡಬ್ಲ್ಯೂಸಿ'ಗೆ ಹೇಳಿದರೆ ಯುಟಿಎಫ್-8 ಲೊಕೇಲ್‌ನಲ್ಲಿ ಒಂಬತ್ತು ಅನ್ನುತ್ತದೆ, ಸಿ ಲೊಕೇಲ್‌ನಲ್ಲಿ 27 ಅನ್ನುತ್ತದೆ. ನಾಲ್ಕು ಎಂದು ಯಾವಾಗಲೂ ಹೇಳುವುದಿಲ್ಲ. ಇನ್ನೂ ಒಂದಿದೆ: 'ಗೋ'ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಒಂದನ್ನು ಕೊಟ್ಟು ಹುಡುಕಿಸಿದರೆ ಇನ್ನೊಂದು ಸಿಗುವುದಿಲ್ಲ.

ಕ್ರಮದ ವಿಷಯವೂ ಹಾಗೇ. ಯೂನಿಕೋಡ್‌ನಲ್ಲಿ 'ಳ' ಇರುವುದು 'ಲ'ದ ಪಕ್ಕದಲ್ಲಿ, 'ವ'ಕ್ಕಿಂತ ಮೊದಲು. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ, ಎಲ್ಲಕ್ಕಿಂತ ಕೊನೆ. ಸಿ ಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಸರಳಾ ಮೊದಲು, ಸರಸ್ವತಿ ಆಮೇಲೆ. ಕನ್ನಡ ನಿಘಂಟು ನೋಡಿ ಬೆಳೆದವರು ಸರಸ್ವತಿಯ ಕೆಳಗೆ ಸರಳಾಳನ್ನು ಹುಡುಕಿ, ಕಾಣದೆ, ಇಲ್ಲವೆಂದು ಎದ್ದು ಹೋಗಬಹುದು. ಅದೂ ಒಂದು ಬಗೆಯ ಕಾಣೆಯಾಗುವಿಕೆಯೇ.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿದೆವು. ಯಂತ್ರ ಯಂತ್ರಕ್ಕೆ ಕೊಡುವ ಎಲ್ಲ ಹಂತಗಳಲ್ಲೂ ಒಂದೇ ಕ್ರಮ, ಸಿ. ಕೊನೆಗೆ, ಮನುಷ್ಯರು ಓದಲು ಕಾಗದಕ್ಕೆ ಇಳಿಯುವ ಒಂದು ಹಂತದಲ್ಲಿ ಮಾತ್ರ ವರ್ಣಮಾಲೆಯ ಕ್ರಮ. ಅದನ್ನು ಯಾವ ಲೊಕೇಲ್‌ನ ಮೇಲೂ ಬಿಡದೆ, 'ಳ' ಎಲ್ಲಿ ಕೂರಬೇಕು ಎಂದು ಸ್ಕ್ರಿಪ್ಟ್‌ನಲ್ಲೇ ಬರೆದೆವು. ಆ ಹಂತದಿಂದ ಬಂದದ್ದನ್ನು ಮತ್ತೆ ಯಾವ ಉಪಕರಣಕ್ಕೂ ಕೊಡುವುದಿಲ್ಲ.

ನೀವು ಕಪ್ಪು ಪರದೆಯ ಮುಂದೆ ಕೂರುವವರಲ್ಲದಿರಬಹುದು. ಆದರೆ ಸಂಘದ ಸದಸ್ಯರ ಪಟ್ಟಿ, ಮದುವೆಯ ಆಮಂತ್ರಣದ ಪಟ್ಟಿ, ಸೊಸೈಟಿಯ ಬಾಕಿ ಪಟ್ಟಿ ಇವುಗಳಲ್ಲಿ ಒಂದಾದರೂ ನಿಮ್ಮ ಕೈಯಲ್ಲಿ ಇರುತ್ತದೆ, ಮತ್ತೆ ಅದು ಎಂದಾದರೂ ಇನ್ನೊಬ್ಬರ ಪಟ್ಟಿಯ ಜೊತೆ ಹೊಂದಬೇಕಾಗುತ್ತದೆ. ನಮ್ಮ ಬಳಗದ ಪಟ್ಟಿಯ ನೆತ್ತಿಯ ಮೇಲೆ ಈಗ ಎರಡು ಸಾಲು ಅಚ್ಚಾಗುತ್ತದೆ. ಮೊದಲನೆಯದು: "ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿವೆ, ಳ ಕೊನೆಗೆ." ಎರಡನೆಯದನ್ನು ಬರೆಸಿದ್ದು ಲೆಕ್ಕದ ಹಿರಿಯರು: "ನಿಮ್ಮ ಹೆಸರು ಕಾಣದಿದ್ದರೆ ತಪ್ಪು ಪಟ್ಟಿಯದ್ದಿರಬಹುದು, ದಯವಿಟ್ಟು ಕೇಳಿ."